ಬರೆದವರು ಬೇರೆ, ಕಳುಹಿಸಿದವರು ನಾವು

ಶಾಲೆಗಳು ಬೇಸಿಗೆಯ ರಜೆಗಾಗಿ ಮುಚ್ಚಿವೆ. ಆದರೆ ಶಾಲೆಯ ಒಂದು ಕೋಣೆ ಈಗ ರಜೆಯಲ್ಲೂ ಮುಚ್ಚುವುದಿಲ್ಲ. ಅದು ಪಾಲಕರ ಜೇಬಿನಲ್ಲಿರುತ್ತದೆ. ತರಗತಿಯ ಹೆಸರಿನಲ್ಲಿ ಆರಂಭವಾದ ವಾಟ್ಸಾಪ್ ಗುಂಪಿನಲ್ಲಿ ಮನೆಪಾಠವೂ ಬರುತ್ತದೆ, ಶುಲ್ಕದ ನೆನಪೂ ಬರುತ್ತದೆ, ಹುಟ್ಟುಹಬ್ಬದ ಹಾರೈಕೆಯೂ ಬರುತ್ತದೆ, ಯಾರು ಬರೆದರೆಂದು ಯಾರಿಗೂ ತಿಳಿಯದ ಔಷಧದ ಸಲಹೆಯೂ ಬರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ (ತಾಲೂಕುಗಳು ಒಡೆದು ಈಗ ಹೆಚ್ಚಾಗಿವೆ, ಆದರೂ ಹಳೆಯ ರೂಢಿ ನಾಲಿಗೆಯನ್ನು ಬಿಡದು) ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿರುವ ನಮ್ಮ ಕಥೋಲಿಕ ಕುಟುಂಬಗಳಿಗೂ ಇದು ಹೊಸ ಸಂಗತಿಯಲ್ಲ. ಹೊಸ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನ ಈ ಕೋಣೆಯ ನಡತೆಯ ಬಗ್ಗೆ ಪಾಲಕರೊಡನೆ ನಾಲ್ಕು ಮಾತು ಆಡಬೇಕೆನಿಸಿತು. ಅದಕ್ಕೆ ಕಾರಣವಿದೆ.

ಕಳೆದ ಚಳಿಗಾಲದಲ್ಲಿ ನಮ್ಮ ಭಾಗದ ಒಂದು ಪ್ರೌಢಶಾಲೆಯಲ್ಲಿ ನಡೆದ ಸಂಗತಿಯಿದು. ಊರು ಯಾವುದು, ಶಾಲೆ ಯಾವುದು ಎಂದು ಹೇಳಿದರೆ ನಾವು ಯಾವ ತಪ್ಪಿನ ಬಗ್ಗೆ ಬರೆಯಹೊರಟಿದ್ದೇವೆಯೋ ಅದನ್ನೇ ನಾವೂ ಮಾಡಿದಂತಾಗುತ್ತದೆ. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಇಂಗ್ಲಿಷ್ ಪಾಠವನ್ನು ಎದ್ದು ನಿಂತು ಗಟ್ಟಿಯಾಗಿ ಓದುತ್ತಿದ್ದಳು. ಒಂದು ಶಬ್ದದಲ್ಲಿ ತಡವರಿಸಿದಳು, ಮತ್ತೆ ಓದಿದಳು, ಮತ್ತೆ ತಡವರಿಸಿದಳು. ವಿಜ್ಞಾನದ ಪ್ರಾಜೆಕ್ಟಿನ ಚಿತ್ರಗಳನ್ನು ತೋರಿಸಲೆಂದು ಅಂದು ಫೋನು ತರಲು ಅನುಮತಿ ಪಡೆದಿದ್ದ ಹುಡುಗನೊಬ್ಬ ಹಿಂದಿನ ಬೆಂಚಿನಿಂದ ಅದನ್ನು ಚಿತ್ರೀಕರಿಸಿಕೊಂಡ. ಸಂಜೆಯ ಹೊತ್ತಿಗೆ ಆ ಅರ್ಧ ನಿಮಿಷದ ದೃಶ್ಯಕ್ಕೆ ಸಿನಿಮಾದ ಹಾಸ್ಯ ಸಂಗೀತ ಸೇರಿತ್ತು. ರಾತ್ರಿಯ ಹೊತ್ತಿಗೆ ಅದು ತರಗತಿಯ ಗುಂಪನ್ನು ದಾಟಿ ಊರ ಗುಂಪುಗಳಿಗೆ ಹೋಯಿತು. ಮೂರನೆಯ ದಿನ, ಗೋವೆಯಲ್ಲಿ ಕಟ್ಟಡದ ಕೂಲಿ ಮಾಡುವ ಅವಳ ತಂದೆಯ ಫೋನಿಗೆ ತಲುಪಿತು.

ಬಾಲಕಿ ಊರಿನಲ್ಲಿ ಅಜ್ಜಿಯ ಬಳಿ ಇದ್ದು ಓದುತ್ತಿದ್ದಳು. ಮನೆಯವರು ಮೊದಲು ಮಾಡಿದ ಕೆಲಸವೆಂದರೆ, ಪಾಠ ನೋಡಲು ಅವಳ ಕೈಗೆ ಕೊಟ್ಟಿದ್ದ ಹಳೆಯ ಫೋನನ್ನು ಕಸಿದುಕೊಂಡದ್ದು. ಚಿತ್ರ ತೆಗೆದವನ ಫೋನು ಅವನ ಬಳಿಯೇ ಇತ್ತು. ಮರುವಾರ ತಂದೆ ಬಂದು ಮಗಳನ್ನು ತಮ್ಮೊಡನೆ ಗೋವೆಗೆ ಕರೆದೊಯ್ದರು.

ಮುಖ್ಯಾಧ್ಯಾಪಕರ ಕರೆಯ ಮೇರೆಗೆ ನಾವು ಆ ತರಗತಿಗೆ ಹೋಗಿ ಮಕ್ಕಳ ನಡುವೆ ಕುಳಿತೆವು. ಚಿತ್ರೀಕರಿಸಿದವನು ಒಬ್ಬ. ಅವನು ತಲೆ ತಗ್ಗಿಸಿ ಒಪ್ಪಿಕೊಂಡ. ಉಳಿದವರದು ಒಂದೇ ಉತ್ತರ: ‘ಫಾದರ, ನಾ ಏನೂ ಮಾಡಿಲ್ರಿ. ಬರೇ ಮುಂದ ಕಳಸೀನ್ರಿ.’ ಅವರು ಸುಳ್ಳು ಹೇಳುತ್ತಿರಲಿಲ್ಲ. ಮುಂದಕ್ಕೆ ಕಳುಹಿಸುವುದು ‘ಮಾಡುವುದು’ ಎಂಬ ಲೆಕ್ಕಕ್ಕೆ ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಮೇಲೆ ಸಿಟ್ಟಾಗಲು ನಮಗೂ ಸಾಧ್ಯವಾಗಲಿಲ್ಲ, ಏಕೆಂದರೆ ಆ ದೃಶ್ಯ ನಮ್ಮ ಫೋನಿಗೂ ಬಂದಿತ್ತು. ಕಳುಹಿಸಿದವರು ನಮ್ಮ ಧರ್ಮಕೇಂದ್ರದ ಒಬ್ಬ ಹಿರಿಯರು, ಸ್ವತಃ ಇಬ್ಬರು ಹೆಣ್ಣುಮಕ್ಕಳ ತಂದೆ. ಯಾರ ಮಗುವೆಂದು ತಿಳಿಯದೆ ನಾವು ಅದನ್ನು ನೋಡಿದ್ದೆವು, ಮುಗುಳ್ನಕ್ಕೂ ಇದ್ದೆವು. ಮುಂದಕ್ಕೆ ಕಳುಹಿಸಿರಲಿಲ್ಲವೆಂಬುದು ನಮ್ಮ ಹೆಚ್ಚುಗಾರಿಕೆಯೇನೂ ಅಲ್ಲ. ಆಗ ಸಂಜೆಯ ಜಪಕ್ಕೆ ಹೊತ್ತಾಗಿತ್ತು, ಅಷ್ಟೆ.

ಫೋನು ತರಗತಿಯೊಳಗೆ ಹೇಗೆ ಬಂತೆಂಬುದನ್ನು ಸ್ವಲ್ಪ ನೆನೆಯಬೇಕು. ಶಾಲೆಗೆ ಯಂತ್ರ ಬಂದದ್ದು ಇದೇ ಮೊದಲಲ್ಲ. ಈ ಶತಮಾನದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆಯಡಿ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದವು. ಕಂಡವರಿಗೆ ನೆನಪಿರಬಹುದು: ಪ್ರತ್ಯೇಕ ಕೋಣೆ, ಬಾಗಿಲಿಗೆ ಬೀಗ, ಯಂತ್ರದ ಮೇಲೆ ಬಟ್ಟೆಯ ಹೊದಿಕೆ, ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು. ದೇವರ ಗುಡಿಗೆ ಹೋದಂತೆ ಹೋಗುತ್ತಾರಲ್ಲ ಎಂದು ಆಗ ನಾವು ನಗುತ್ತಿದ್ದೆವು. ಈಗ ಯೋಚಿಸಿದರೆ, ಆ ಕೋಣೆಯನ್ನು ಹೊಗಲು ಒಂದು ರೀತಿಯಿತ್ತು, ಹೊರಬರಲು ಒಂದು ಹೊತ್ತಿತ್ತು, ಒಳಗೆ ಒಬ್ಬ ಶಿಕ್ಷಕರಿರುತ್ತಿದ್ದರು. ಫೋನು ಬಂದದ್ದು ಹಾಗಲ್ಲ. ಅದು ಆಪತ್ಕಾಲದಲ್ಲಿ, ಯಾವ ಸಿದ್ಧತೆಯೂ ಇಲ್ಲದೆ ಒಳಗೆ ಬಂತು.

2020ರ ಮಾರ್ಚಿಯಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದವು. ಜೂನ್ ತಿಂಗಳಲ್ಲಿ ರಾಜ್ಯ ಸರಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ಆದೇಶಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ನೀಡಿತು. ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು. ಮನೆಯಲ್ಲಿ ಸ್ಮಾರ್ಟ್‌ಫೋನು ಇರುವ ಮಕ್ಕಳು, ಸಾದಾ ಫೋನು ಇರುವ ಮಕ್ಕಳು, ಏನೂ ಇಲ್ಲದ ಮಕ್ಕಳು ಎಂದು ಅಲ್ಲಿ ವಿಂಗಡಿಸಲಾಯಿತು. ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಆ ದಿನಗಳಲ್ಲಿ ಕೂಲಿಯ ದುಡ್ಡು ಕೂಡಿಸಿ, ಕುರಿ ಮಾರಿ, ಮಗುವಿನ ಪಾಠಕ್ಕೆಂದು ಫೋನು ತಂದ ತಂದೆತಾಯಿಗಳನ್ನು ನಾವು ಬಲ್ಲೆವು. ರೋಗ ಹೋಯಿತು, ಫೋನು ಉಳಿಯಿತು. ಅದನ್ನು ಹೇಗೆ ಬಳಸಬೇಕೆಂದು ಕಲಿಸಲು ಯಾರಿಗೂ ಪುರುಸೊತ್ತಾಗಲಿಲ್ಲ.

ಫಲವೇನಾಯಿತೆಂಬುದಕ್ಕೆ ಲೆಕ್ಕವೂ ಇದೆ. ಭಾರತದ ಗ್ರಾಮಾಂತರ ಮಕ್ಕಳ ಕಲಿಕೆಯ ಕುರಿತಾದ 2024ರ ‘ಅಸರ್’ ವರದಿಯ ಪ್ರಕಾರ, 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನು ಬಳಸಲು ಬರುತ್ತದೆ. ಹಾಗೆ ಬಳಸಬಲ್ಲವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗಾಗಿ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇ. 76. ತಮ್ಮದೇ ಫೋನು ಹೊಂದಿರುವ ಹುಡುಗರು ಶೇ. 36, ಹುಡುಗಿಯರು ಶೇ. 27ರಷ್ಟು. ಈ ಕೊನೆಯ ಎರಡು ಅಂಕಿಗಳನ್ನು ನಮ್ಮ ಬಾಲಕಿಯ ಕಥೆಯೊಡನೆ ಇಟ್ಟು ನೋಡಿರಿ. ನಮ್ಮ ಮನೆಗಳಲ್ಲಿ ಫೋನಿನ ಶಿಸ್ತೆಂದರೆ ಹೆಚ್ಚಾಗಿ ಮಗಳ ಕೈಯಿಂದ ಕಿತ್ತುಕೊಳ್ಳುವ ಶಿಸ್ತು. ಮಗನಿಗೆ ಒಂದು ಮಾತು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

‘ಬರೇ ಮುಂದ ಕಳಸೀನ್ರಿ’ ಎಂಬ ಮಾತು ಎಷ್ಟು ದೂರ ಹೋಗಬಲ್ಲದೆಂದು ತಿಳಿಯಲು ನಾವು ಹೊರದೇಶಗಳಿಗೆ ಹೋಗಬೇಕಿಲ್ಲ. 2018ರ ಜುಲೈ 13ರಂದು ಬೀದರ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಕೆಲವು ಯುವಕರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸಂಶಯ ಹುಟ್ಟಿತು. ಅವರು ಕಾರು ಹತ್ತಿ ಹೊರಟಾಗ ಅವರಿಗಿಂತ ಮುಂದೆ ಅವರ ದೃಶ್ಯವೂ ಸಂದೇಶವೂ ವಾಟ್ಸಾಪಿನಲ್ಲಿ ಓಡಿದವು. ಮುರ್ಕಿ ಗ್ರಾಮದಲ್ಲಿ ದಾರಿ ಕಟ್ಟಲಾಗಿತ್ತು. ಕಾರು ಉರುಳಿತು, ಜನ ಮುಗಿಬಿದ್ದರು, ತಂತ್ರಜ್ಞನಾಗಿದ್ದ ಒಬ್ಬ ತರುಣ ಸತ್ತನು, ಉಳಿದವರೂ ಅವರನ್ನು ಕಾಪಾಡಲು ಬಂದ ಪೊಲೀಸರೂ ಗಾಯಗೊಂಡರು. ಬಂಧಿತರಲ್ಲಿ ವಾಟ್ಸಾಪ್ ಗುಂಪಿನ ನಿರ್ವಾಹಕನೂ ಇದ್ದನು. ಅದೇ ತಿಂಗಳು ಆ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳುಹಿಸದಂತೆ ಮಿತಿ ಹಾಕಿತು. ಮಿತಿಯನ್ನು ಯಂತ್ರದಲ್ಲಿ ಅಳವಡಿಸಿದರು. ಮನಸ್ಸಿನಲ್ಲಿ ಅಳವಡಿಸುವ ಕೆಲಸ ಶಾಲೆಗೂ ಮನೆಗೂ ಉಳಿಯಿತು. ಆ ದಿನ ಕಲ್ಲೆಸೆದವರ ಸಂಖ್ಯೆಗಿಂತ ಕಳುಹಿಸಿದವರ ಸಂಖ್ಯೆ ದೊಡ್ಡದಿರಬೇಕು. ಅವರಲ್ಲಿ ಬಹಳ ಮಂದಿ ಇಂದಿಗೂ ತಾವೇನೂ ಮಾಡಿಲ್ಲವೆಂದೇ ನಂಬಿರಬಹುದು.

ಗುರುಮಠದಲ್ಲಿ ನಾವು ತತ್ತ್ವಶಾಸ್ತ್ರ ಕಲಿಯುವಾಗ ಸಂತ ತೋಮಸ್ ಅಕ್ವಿನಾಸರ ಒಂದು ವಿಚಾರ ನಮಗೆ ಒಣ ತರ್ಕವೆಂದು ತೋರುತ್ತಿತ್ತು. ಕದ್ದ ಹಣವನ್ನು ಹಿಂದಿರುಗಿಸಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದರಂತೆಯೇ ಕೆಡಿಸಿದ ಹೆಸರನ್ನೂ ಹಿಂದಿರುಗಿಸಬೇಕು, ಪಶ್ಚಾತ್ತಾಪವೊಂದೇ ಸಾಲದು ಎಂಬುದು ಅವರ ವಾದ. ಹಣವನ್ನಾದರೆ ಎಣಿಸಿ ಕೊಡಬಹುದು, ಹೆಸರನ್ನು ಎಣಿಸಿ ಕೊಡುವುದು ಹೇಗೆಂದು ಅಂದು ಗುರುಗಳೊಡನೆ ವಾದಿಸಿದ್ದೆವು. ಫೋನು ಈ ಪ್ರಶ್ನೆಗೆ ವಿಚಿತ್ರವಾದ ಉತ್ತರ ಕೊಟ್ಟಿದೆ. ಹಿಂದೆ ಕಟ್ಟೆಯ ಮೇಲೆ ಆಡಿದ ಮಾತು ಯಾರ ಯಾರ ಕಿವಿಗೆ ಹೋಯಿತೆಂದು ಹೇಳಲಾಗುತ್ತಿರಲಿಲ್ಲ. ಈಗ ನಾವು ಯಾರಿಗೆ ಕಳುಹಿಸಿದೆವೆಂಬ ಪಟ್ಟಿ ನಮ್ಮ ಕೈಯಲ್ಲೇ ಇರುತ್ತದೆ.

ಆ ತರಗತಿಯ ಶಿಕ್ಷಕಿ ಇದನ್ನೇ ಪಾಠ ಮಾಡಿದರು. ಪ್ರತಿಯೊಂದು ಮಗುವೂ ತಾನು ಕಳುಹಿಸಿದ ಗುಂಪುಗಳ, ವ್ಯಕ್ತಿಗಳ ಹೆಸರನ್ನು ನೋಟುಬುಕ್ಕಿನಲ್ಲಿ ಬರೆಯಬೇಕು. ಅವರೆಲ್ಲರಿಗೂ ತನ್ನ ಹೆಸರಿನಲ್ಲಿ, ‘ನಾನು ಕಳುಹಿಸಿದ್ದು ತಪ್ಪು, ದಯವಿಟ್ಟು ಅಳಿಸಿಬಿಡಿ, ಮುಂದೆ ಕಳುಹಿಸಬೇಡಿ’ ಎಂದು ಬರೆದು ಕಳುಹಿಸಬೇಕು. ಕೆಲವರು ಅಳಿಸಿದರು. ಕೆಲವು ಗುಂಪುಗಳಲ್ಲಿ ನಗುವ ಮುಖದ ಚಿತ್ರಗಳು ಉತ್ತರವಾಗಿ ಬಂದವು. ಅವು ಬಂದದ್ದು ದೊಡ್ಡವರಿಂದ. ನಮಗೆ ಕಳುಹಿಸಿದ ಹಿರಿಯರಿಗೆ ನಾವೂ ಅದೇ ಮಾತು ಬರೆದೆವು. ಎರಡು ವಾರ ಅವರು ಬಲಿಪೂಜೆಯ ನಂತರ ನಮ್ಮನ್ನು ಮಾತನಾಡಿಸಲಿಲ್ಲ. ಮೂರನೆಯ ವಾರ ಮಾತನಾಡಿಸಿದರು.

ಇಂಥ ಪಾಠವನ್ನು ಅವಘಡವಾದ ಮೇಲೆಯೇ ಏಕೆ ಮಾಡಬೇಕು? ಡಿಜಿಟಲ್ ಶಿಷ್ಟಾಚಾರವೆಂದು ಬೇರೆ ಪುಸ್ತಕ, ಬೇರೆ ಪರೀಕ್ಷೆ ಮಾಡಿದರೆ ಅದು ನೀತಿಪಾಠದ ಗತಿಯನ್ನೇ ಕಾಣುತ್ತದೆ: ಅಂಕ ಬರುತ್ತದೆ, ನಡತೆ ಬರುವುದಿಲ್ಲ. ಅರಿಸ್ಟಾಟಲ್ ಹೇಳುವಂತೆ ಸದ್ಗುಣವು ಅಭ್ಯಾಸದಿಂದ ಬರುವಂಥದು. ಫೋನು ಬಳಸುವ ಹೊತ್ತಿನಲ್ಲಿಯೇ ಅದರ ಮರ್ಯಾದೆಯನ್ನೂ ಬಳಸಿ ಕಲಿಯಬೇಕು. ಒಬ್ಬರ ಚಿತ್ರ ತೆಗೆಯುವ ಮೊದಲು ಅವರನ್ನು ಕೇಳುವುದು. ಕೇಳಿ ತೆಗೆದ ಚಿತ್ರವನ್ನೂ ಇನ್ನೊಬ್ಬರಿಗೆ ಕಳುಹಿಸುವ ಮೊದಲು ಮತ್ತೊಮ್ಮೆ ಕೇಳುವುದು. ಇವನ್ನು ಆರನೆಯ ತರಗತಿಯ ಮಗು ಒಂದು ವಾರದಲ್ಲಿ ಕಲಿಯುತ್ತದೆ, ಶಿಕ್ಷಕರು ತಾವೂ ಹಾಗೆ ನಡೆದುಕೊಂಡರೆ. ಆದರೆ ಶುಲ್ಕ ಬಾಕಿಯಿರುವ ಮಕ್ಕಳ ಹೆಸರನ್ನು ಇಡೀ ಗುಂಪಿಗೆ ಹಾಕುವ ಶಾಲೆಗಳಿವೆ. ಕಡಿಮೆ ಅಂಕ ಬಂದವರ ಪಟ್ಟಿಯನ್ನು ಎಲ್ಲ ಪಾಲಕರೂ ನೋಡುವಂತೆ ಹಾಕುವವರಿದ್ದಾರೆ. ದಾನಿಗಳಿಗೆ ತೋರಿಸಲೆಂದು ಮಕ್ಕಳ ಚಿತ್ರಗಳನ್ನು ಹೇಳದೆ ಕೇಳದೆ ಹಂಚುವ ಅಭ್ಯಾಸ ನಮ್ಮ ಧಾರ್ಮಿಕ ಸಂಸ್ಥೆಗಳಲ್ಲಿಯೂ ಉಂಟು. ನಾವು ಅದಕ್ಕೆ ಹೊರತಾಗಿಲ್ಲ. 18 ವರ್ಷ ತುಂಬದವರ ಡಿಜಿಟಲ್ ಮಾಹಿತಿಯನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆಂದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುವ ಮೊದಲೇ ನಮಗಿದು ಹೊಳೆಯಬೇಕಿತ್ತು.

ಇನ್ನೊಂದು ಅಭ್ಯಾಸ, ಬಂದ ಸಂದೇಶವನ್ನು ಪರೀಕ್ಷಿಸುವುದು. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಬ್ಬ ಮಹನೀಯರ ಮಾದರಿಯಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆ ಮನೆ ಅಲೆದು ವಚನಗಳ ತಾಡೋಲೆಗಳನ್ನು ಕೂಡಿಹಾಕಿದರು, ಪ್ರತಿಯ ಪಕ್ಕ ಪ್ರತಿಯನ್ನಿಟ್ಟು ಪಾಠವನ್ನು ತಾಳೆ ನೋಡಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಮುದ್ರಣಯಂತ್ರ ಅಂದಿನ ಹೊಸ ತಂತ್ರಜ್ಞಾನವೇ ಸರಿ. ಆದರೆ ಯಂತ್ರಕ್ಕೆ ಕೊಡುವ ಮೊದಲು ತಾಳೆ ನೋಡುವ ಕೆಲಸ ಮುಗಿದಿರುತ್ತಿತ್ತು. ಬಸವನ ಬಾಗೇವಾಡಿ ಬಸವಣ್ಣನವರ ಹುಟ್ಟೂರು. ಇಂದು ಅವರ ಹೆಸರಿನಲ್ಲಿ ದಿನಬೆಳಗಾದರೆ ಫೋನಿಗೆ ಬರುವ ಸಾಲುಗಳಲ್ಲಿ ಎಷ್ಟು ಅವರವು, ಎಷ್ಟು ಅಲ್ಲವೆಂದು ಹಳಕಟ್ಟಿಯವರ ಗ್ರಂಥಗಳನ್ನು ತೆರೆದು ಮಕ್ಕಳಿಂದಲೇ ತಾಳೆ ನೋಡಿಸಬಹುದು. ಕನ್ನಡದ ಪಾಠವೂ ಆಯಿತು, ನಡತೆಯ ಪಾಠವೂ ಆಯಿತು.

ಹೀಗೆ ಬರೆಯುತ್ತ ಹೋದರೆ ನಾವು ಫೋನಿನ ಶತ್ರುಗಳೆಂದು ಓದುಗರು ತಿಳಿದಾರು. ಹಾಗಲ್ಲ. ನಿಡಗುಂದಿಯ ಕಡೆಯ ಒಬ್ಬ ಸಮಾಜ ವಿಜ್ಞಾನದ ಶಿಕ್ಷಕರು ಮಾಡಿದ ಪಾಠವನ್ನು ನಾವು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇವೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಮೂರನೆಯ ತಲೆಮಾರಿನ ಮಕ್ಕಳು ಅಲ್ಲಿ ಓದುತ್ತಾರೆ. ಮನೆ ಪುನರ್ವಸತಿ ಕೇಂದ್ರದಲ್ಲಿ. ಗೂಗಲ್ ಅರ್ಥ್‌ನಲ್ಲಿ 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ವರ್ಷವರ್ಷವಾಗಿ ಸರಿಸಿ ನೋಡುವ ಸೌಲಭ್ಯವಿದೆ. ಶಿಕ್ಷಕರು ಗೋಡೆಯ ಮೇಲೆ ಅದನ್ನು ತೋರಿಸಿದರು. ಮೊದಲು ಕೃಷ್ಣೆ ತೆಳ್ಳನೆಯ ಗೆರೆಯಂತಿದ್ದಳು. ಬರಬರುತ್ತ ಆ ಗೆರೆ ಹರಡಿ ನೀಲಿಯ ಬಯಲಾಯಿತು. ‘ನಿಮ್ಮ ಅಜ್ಜನ ಹೊಲ ಎಲ್ಲಿತ್ತು, ಮನೆಗೆ ಹೋಗಿ ಕೇಳಿಕೊಂಡು ಬರ್ರಿ’ ಎಂದರು. ಮರುದಿನ ಮೂವರು ಅಜ್ಜಂದಿರು ತಾವಾಗಿಯೇ ಶಾಲೆಗೆ ಬಂದಿದ್ದರು, ಕೋಲಿನಿಂದ ಗೋಡೆಯ ಮೇಲೆ ತಮ್ಮ ಬಾವಿಯ ಜಾಗವನ್ನು ತೋರಿಸಲು. ಅಂದು ಆ ಕೋಣೆಯಲ್ಲಿ ಯಾವ ಮಗುವೂ ಶಿಷ್ಟಾಚಾರ ತಪ್ಪಲಿಲ್ಲ. ಅಜ್ಜನೊಬ್ಬ ಕಣ್ಣೊರೆಸಿಕೊಂಡಾಗ ಅದನ್ನು ಚಿತ್ರೀಕರಿಸಲು ಯಾರ ಕೈಯೂ ಜೇಬಿಗೆ ಹೋಗಲಿಲ್ಲ.

ಕೃತಕ ಬುದ್ಧಿಮತ್ತೆಯ ಬಗ್ಗೆ ಎರಡೇ ಮಾತು. ಸಿಂದಗಿ ಕಡೆಯ ಒಬ್ಬ ವಿದ್ಯಾರ್ಥಿ ‘ನಮ್ಮೂರ ಜಾತ್ರೆ’ ಎಂಬ ಪ್ರಬಂಧವನ್ನು ಯಂತ್ರದಿಂದ ಬರೆಸಿ ತಂದಿದ್ದ. ಅದರಲ್ಲಿ ಆನೆಗಳ ಮೆರವಣಿಗೆಯಿತ್ತು, ತೆಂಗಿನ ತೋಪುಗಳಿದ್ದವು. ಜೋಳದ ರೊಟ್ಟಿ, ಭಜಿ, ಕುಸ್ತಿ ಇರಲಿಲ್ಲ. ಯಂತ್ರಕ್ಕೆ ಅವನ ಊರು ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು, ಆದರೂ ಅವನು ಯಂತ್ರವನ್ನೇ ಕೇಳಿದ. 2025ರ ಜನವರಿಯಲ್ಲಿ ವ್ಯಾಟಿಕನ್ ಪ್ರಕಟಿಸಿದ ‘ಆಂತಿಕ್ವಾ ಎತ್ ನೋವಾ’ ಎಂಬ ಟಿಪ್ಪಣಿಯು, ಎದುರಿಗೆ ನಿಂತು ಕಲಿಸುವ ಗುರುವಿಗೂ ಶಿಷ್ಯನಿಗೂ ನಡುವಿನ ಸಂಬಂಧವನ್ನು ಯಂತ್ರ ಕಟ್ಟಿಕೊಡಲಾರದೆಂದು ಹೇಳಿದೆ. ಪ್ರಬಂಧವನ್ನು ಓದಿ ‘ನಮ್ಮೂರಾಗ ಆನಿ ಯಾವಾಗ ಬಂದಿತ್ತೋ ತಮ್ಮಾ?’ ಎಂದು ಕೇಳುವ ಶಿಕ್ಷಕರಿದ್ದರೆ ಅಷ್ಟೇ ಸಾಕು.

ಉಳಿದದ್ದು ಮನೆಯ ಮಾತು, ಇದನ್ನು ಪಾಲಕರಿಗೆ ನೇರವಾಗಿ ಹೇಳಬೇಕು. ಪಟ್ಟಣಗಳಲ್ಲಿ ಮಗುವಿಗೊಂದು ಫೋನು ಇರಬಹುದು. ನಮ್ಮ ಹೆಚ್ಚಿನ ಮನೆಗಳಲ್ಲಿ ಇರುವುದು ತಂದೆಯ ಫೋನು. ಇಂಡಿಯಲ್ಲಿ ಲಿಂಬೆಯ ದರ ವಿಚಾರಿಸುವುದೂ ಅದರಲ್ಲೇ, ಮಗಳು ಗಣಿತದ ಪಾಠ ನೋಡುವುದೂ ಅದರಲ್ಲೇ. ಪಾಠಕ್ಕೆಂದು ತೆರೆದ ಮಗುವಿಗೆ ತಂದೆಯ ಗುಂಪುಗಳೂ ಕಾಣುತ್ತವೆ: ನೆರೆಯವರ ಜಾತಿಯನ್ನು ಹಳಿಯುವ ಮಾತು, ಬೇರೆ ಧರ್ಮದವರ ಮೇಲಿನ ಸುಳ್ಳು, ಯಾರದೋ ಹೆಂಡತಿಯ ಚಿತ್ರ. ಅದೆಲ್ಲವನ್ನೂ ಓದಿ ಮುಂದಕ್ಕೆ ಕಳುಹಿಸುವ ತಂದೆಯ ಬೆರಳನ್ನು ಮಗು ನೋಡುತ್ತಲೇ ಇರುತ್ತದೆ. ಧರ್ಮಕೇಂದ್ರದ ಗುಂಪೂ ಇದಕ್ಕಿಂತ ಬಹಳ ಮೇಲಿಲ್ಲ. ತಾಯಿ ಮರಿಯಮ್ಮನವರ ಚಿತ್ರದ ಕೆಳಗೆ ‘ಸಂಜೆಯೊಳಗೆ ಹತ್ತು ಜನರಿಗೆ ಕಳುಹಿಸಿದರೆ ಶುಭವಾರ್ತೆ, ಕಳುಹಿಸದಿದ್ದರೆ ಕೇಡು’ ಎಂದು ಬರೆದಿರುವ ಸಂದೇಶಗಳನ್ನು ನಾವು ವಾರಕ್ಕೆರಡು ಪಡೆಯುತ್ತೇವೆ. ದೇವಮಾತೆ ಹತ್ತು ಜನರ ಲೆಕ್ಕವಿಟ್ಟು ಶಾಪ ಹಾಕುವವರಲ್ಲ. ಹೆದರಿಕೆಯಿಂದ ಕಳುಹಿಸುವುದನ್ನು ಮಕ್ಕಳಿಗೆ ಕಲಿಸಿದವರು ನಾವೇ. ನಗೆಗಾಗಿ ಕಳುಹಿಸುವುದನ್ನು ಅವರು ತಾವಾಗಿ ಕಲಿತರು.

ಯಾವ ಮಗುವಿನ ಚಿತ್ರವಾದರೂ ಹೀಗೆ ಹರಿದಾಡಿ ಆ ಮಗು ಮನೆಯ ಮೂಲೆ ಹಿಡಿದಿದ್ದರೆ ಮುಚ್ಚಿಡಬೇಡಿರಿ. 1098 ಮಕ್ಕಳ ಸಹಾಯವಾಣಿಯ ಸಂಖ್ಯೆ. ಶಾಲೆಗೆ ತಿಳಿಸಿರಿ, ನಮಗೆ ತಿಳಿಸಿರಿ. ಮತ್ತು ದಯವಿಟ್ಟು ಶಾಲೆ ಬಿಡಿಸುವ ಶಿಕ್ಷೆಯನ್ನು ತಪ್ಪು ಮಾಡದ ಮಗುವಿಗೆ ಕೊಡಬೇಡಿರಿ.

ಪಾಸ್ಖ ಹಬ್ಬದ ನಂತರದ ವಾರ ನಾವು ಆ ಬಾಲಕಿಯ ಅಜ್ಜಿಯನ್ನು ನೋಡಲು ಹೋಗಿದ್ದೆವು. ಮಕ್ಕಳು ತಪ್ಪೊಪ್ಪಿಕೊಂಡು ಬರೆದದ್ದನ್ನು ಓದಿ ಹೇಳಿದೆವು. ಮುದುಕಿ ಸುಮ್ಮನೆ ಕೇಳಿದರು. ಆಮೇಲೆ, ‘ಅದು ಎಲ್ಲಾರ ಫೋನಿನ್ಯಾಗಿಂದ ಹೋತೇನ್ರಿ ಫಾದರ?’ ಎಂದರು. ಎಲ್ಲರ ಫೋನಿನಿಂದ ಹೋಗಿದೆಯೆಂದು ಹೇಳಲು ನಮಗೆ ಧೈರ್ಯ ಬರಲಿಲ್ಲ. ಗೋವೆಯಿಂದ ಮಗ ದೂರವಾಣಿ ಮಾಡಿದಾಗ ನಮಗೂ ಮಾತನಾಡಿಸಬೇಕೆಂದು ಕೇಳಿಕೊಂಡು ಬಂದೆವು. ಇದನ್ನು ಬರೆಯುವ ಹೊತ್ತಿಗೆ ಒಮ್ಮೆ ಮಾತನಾಡಿದ್ದೇವೆ, ‘ನೋಡೂಣ್ರಿ’ ಎಂದಿದ್ದಾರೆ. ಮೇ ತಿಂಗಳ ಕೊನೆಗೆ ಶಾಲೆ ತೆರೆಯುತ್ತದೆ. ಮುಖ್ಯಾಧ್ಯಾಪಕರು ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಬರೆದಿಟ್ಟಿದ್ದಾರೆ.